ಸತ್ತ ಮಂಗ ಯಾವ ಇಲಾಖೆಗೆ ಸೇರಿದ್ದು?

ಈ ವಾರದ ವಿಡಿಯೊದ ಬರಹ ರೂಪ ಇದು. ಹೆಡ್‌ಫೋನ್ ಹಾಕಿಕೊಂಡು ಕೇಳೋಕೆ ಆಗದವರಿಗೆ, ಆಫೀಸ್ ಕ್ಯಾಬಿನಲ್ಲಿ ಕೂತು ಓದುವವರಿಗೆ. ಮಾತಿನಲ್ಲಿ ಸಮಯ ಸಾಲದೆ ಬಿಟ್ಟ ಕೆಲವು ವಿವರಗಳನ್ನು ಇಲ್ಲಿ ಸೇರಿಸಿದ್ದೇನೆ.

2020ರ ಫೆಬ್ರುವರಿ, ಮಾರ್ಚ್ ನೆನಪಿಸಿಕೊಳ್ಳಿ. ಮಾದರಿ ಪುಣೆಗೆ ಕಳಿಸಿದ್ದಾರೆ, ವರದಿ ಬರಬೇಕು ಅನ್ನೋ ಮಾತು ದಿನಾ ಟಿವಿಯಲ್ಲಿ ಬರ್ತಿತ್ತು. ಎನ್‌ಐವಿ, ಐಸಿಎಂಆರ್ ಅನ್ನೋ ಅಕ್ಷರಗಳನ್ನು ಅಲ್ಲಿಯವರೆಗೆ ಕೇಳಿರದವರೂ ಅವುಗಳ ಬಗ್ಗೆ ಕ್ರಿಕೆಟ್ ತಂಡದ ಬಗ್ಗೆ ಮಾತಾಡಿದ ಹಾಗೆ ಮಾತಾಡೋಕೆ ಶುರು ಮಾಡಿದ್ರು. ಆದರೆ ಮಲೆನಾಡಿನ ಹಳ್ಳಿಗಳಿಗೆ ಆ ಮಾತು ಹೊಸದಲ್ಲ. ಸೊರಬ, ಸಾಗರ, ತೀರ್ಥಹಳ್ಳಿ ಕಡೆಯವರು ರಕ್ತ ಪುಣೆಗೆ ಹೋಗಿದೆ ಅನ್ನೋದನ್ನು ಅರವತ್ತಕ್ಕೂ ಹೆಚ್ಚು ವರ್ಷದಿಂದ ಕೇಳ್ತಾ ಬಂದಿದ್ದಾರೆ. ಪುಣೆಯಲ್ಲಿ ಕೆಲಸ ಮಾಡೋ ನಮ್ಮಲ್ಲಿ ಎಷ್ಟೋ ಜನ ಸ್ಟೇಷನ್ ಕಡೆಯ ಡಾ. ಅಂಬೇಡ್ಕರ್ ರಸ್ತೆಯಲ್ಲಿ ಓಡಾಡ್ತೀವಿ. ಅಲ್ಲಿರುವ ಒಂದು ಸಂಸ್ಥೆಗೂ ಶಿವಮೊಗ್ಗದ ಒಂದು ಕಾಡಿಗೂ ಇರುವ ಸಂಬಂಧ ಹೆಚ್ಚಿನವರಿಗೆ ಗೊತ್ತಿಲ್ಲ.

ಒಂದು ಅಪರಿಚಿತ ರೋಗ ಬಂದಾಗ ಸರ್ಕಾರದ ಯಾವ ಸಂಸ್ಥೆ ಏನು ಮಾಡುತ್ತದೆ? ಮೊದಲು ಕಾಣೋದು ಯಾರಿಗೆ, ಹೆಸರಿಡೋದು ಯಾರು, ಔಷಧಿ ಮಾಡೋದು ಯಾರು, ಹತ್ತು ವರ್ಷದ ನಂತರವೂ ಆ ಹಳ್ಳಿಗೆ ಹೋಗೋದು ಯಾರು? ಈ ಪ್ರಶ್ನೆಗಳನ್ನು ಕೇಳೋಕೆ ನಮ್ಮಲ್ಲೇ ಇರುವ ಒಳ್ಳೆಯ ಉದಾಹರಣೆ ಮಂಗನ ಕಾಯಿಲೆ, ಅಂದರೆ ಕೆಎಫ್‌ಡಿ.

1957ರ ಮಾರ್ಚ್. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ನಮ್ಮ ಕಡೆ ಮುಸಿಯ ಅಂತ ಕರೆಯುವ ಕಪ್ಪು ಮುಖದ ದೊಡ್ಡ ಕೋತಿಗಳು, ಕೆಂಪು ಮುಖದ ಸಣ್ಣ ಮಂಗಗಳು, ಎರಡೂ. ಅದೇ ಹೊತ್ತಿಗೆ ಕಾಡಂಚಿನ ಹಳ್ಳಿಗಳಲ್ಲಿ ಜ್ವರ. ಸೌದೆಗೆ, ದರಗಿಗೆ, ಸೊಪ್ಪಿಗೆ, ದನ ಮೇಯಿಸೋಕೆ ಕಾಡಿಗೆ ಹೋಗಿಬಂದವರಿಗೆ ಇದ್ದಕ್ಕಿದ್ದ ಹಾಗೆ ಮೈ ಸುಡುವ ಜ್ವರ, ತಲೆ ಸಿಡಿಯುವ ನೋವು, ಎದ್ದು ಕೂರಲಾಗದಷ್ಟು ಮೈಕೈ ನೋವು. ಕೆಲವರಿಗೆ ಮೂಗಿನಿಂದ, ವಸಡಿನಿಂದ ರಕ್ತ. ಕೆಲವರು ಸತ್ತರು.

ಆಗ ಏಕೀಕರಣ ಆಗಿ ಐದು ತಿಂಗಳೂ ತುಂಬಿರಲಿಲ್ಲ. ಸೊರಬದ ಪಕ್ಕದ ಸಿದ್ದಾಪುರ 1956ರ ಅಕ್ಟೋಬರ್‌ವರೆಗೆ ಬಾಂಬೆ ರಾಜ್ಯದಲ್ಲಿತ್ತು. ಕಾಯಿಲೆ ಒಂದು ವರ್ಷ ಮೊದಲೇ ಇಷ್ಟು ಜೋರಾಗಿ ಬಂದಿದ್ದರೆ ಒಂದೇ ಕಾಡಿನ ಎರಡು ಅಂಚಿಗೆ ಎರಡು ಸರ್ಕಾರ ಇರುತ್ತಿತ್ತು. ಮಂಗಕ್ಕೂ ಉಣ್ಣೆಗೂ ಗಡಿ ಎಲ್ಲಿ ಗೊತ್ತು.

ರಾಜ್ಯದ ಆರೋಗ್ಯ ಇಲಾಖೆಗೆ ಮೊದಲು ಬಂದ ಅನುಮಾನ ಟೈಫಾಯ್ಡ್. ಅದರಲ್ಲಿ ಆಶ್ಚರ್ಯ ಇಲ್ಲ, ಹಳ್ಳಿಯಲ್ಲಿ ಗುಂಪಾಗಿ ಜ್ವರ ಬಂದರೆ ಆ ಕಾಲದ ಯಾವ ಡಾಕ್ಟರೂ ಮೊದಲು ಅದನ್ನೇ ಯೋಚಿಸುತ್ತಿದ್ದರು. ಆದರೆ ಹಳ್ಳಿಯವರು ಇನ್ನೊಂದು ವಿಷಯ ಗಮನಿಸಿದ್ದರು: ಮಂಗ ಸಾಯುತ್ತವೆ, ಅದೇ ಕಾಡಿಗೆ ಹೋದ ಮನುಷ್ಯನೂ ಮಲಗುತ್ತಾನೆ. ಅವರು ಅದಕ್ಕೆ ಇಟ್ಟ ಹೆಸರೇ ಮಂಗನ ಕಾಯಿಲೆ. ಮನುಷ್ಯನ ಆರೋಗ್ಯ, ಪ್ರಾಣಿಯ ಆರೋಗ್ಯ, ಕಾಡಿನ ಆರೋಗ್ಯ ಒಂದೇ ಅಂತ ಈಗ ಒನ್ ಹೆಲ್ತ್ ಹೆಸರಿನಲ್ಲಿ ಸಮ್ಮೇಳನಗಳು ನಡೆಯುತ್ತವಲ್ಲ, ಸೊರಬದವರು ಅದನ್ನು ಎರಡು ಪದದಲ್ಲಿ ಹೇಳಿ ಮುಗಿಸಿದ್ದರು.

ಮಂಗ ಸಾಯುತ್ತಿವೆ ಅನ್ನೋ ಸುದ್ದಿ ಪುಣೆಗೆ ಮುಟ್ಟಿದಾಗ ಅಲ್ಲಿ ಗಾಬರಿಯಾಯಿತು. ಕಾರಣ ಹೇಳಬೇಕಂದ್ರೆ ಐದು ವರ್ಷ ಹಿಂದೆ ಹೋಗಬೇಕು.

1952ರಲ್ಲಿ ಐಸಿಎಂಆರ್ ಮತ್ತು ಅಮೆರಿಕದ ರಾಕ್‌ಫೆಲ್ಲರ್ ಫೌಂಡೇಶನ್ ಸೇರಿ ಪುಣೆಯಲ್ಲಿ ವೈರಸ್ ರಿಸರ್ಚ್ ಸೆಂಟರ್ ಶುರು ಮಾಡಿದ್ದವು. ಇವತ್ತಿನ ಎನ್‌ಐವಿ ಅದೇ, 1978ರಲ್ಲಿ ಹೆಸರು ಬದಲಾಯಿತು. ರಾಕ್‌ಫೆಲ್ಲರ್‌ನವರಿಗೆ ಹಳದಿ ಜ್ವರದ ಮೇಲೆ ದಶಕಗಳ ಅನುಭವ ಇತ್ತು. ಅದರ ಲಸಿಕೆ ಮಾಡಿದ ಮ್ಯಾಕ್ಸ್ ಥೈಲರ್ ಅವರ ವಿಜ್ಞಾನಿಯೇ, 1951ರಲ್ಲಿ ನೊಬೆಲ್ ಸಿಕ್ಕಿತ್ತು. ಪ್ರಾಜೆಕ್ಟ್ ಮೇಲೆ ಕೀನ್ಯಾಕ್ಕೋ ನೈಜೀರಿಯಾಕ್ಕೋ ಹೋಗಿಬಂದವರಿಗೆ ಆ ಹಳದಿ ಕಾರ್ಡ್ ಗೊತ್ತಿರುತ್ತದೆ. ಅದಿಲ್ಲದೆ ವಾಪಸ್ ಬಂದರೆ ನಮ್ಮ ಏರ್‌ಪೋರ್ಟಿನಲ್ಲಿ ಕ್ವಾರಂಟೈನ್‌ಗೆ ಹಾಕುತ್ತಾರೆ. ಯಾಕೆ ಇಷ್ಟು ಬಿಗಿ ಅಂದರೆ ಹಳದಿ ಜ್ವರ ಏಷ್ಯಾದಲ್ಲಿ ಹರಡಿದ್ದೇ ಇಲ್ಲ. ಅದನ್ನು ಹರಡುವ ಸೊಳ್ಳೆ ನಮ್ಮಲ್ಲಿ ಬೇಕಾದಷ್ಟಿದೆ, ವೈರಸ್ ಮಾತ್ರ ಇಲ್ಲ. ಒಂದು ಸಲ ಬಂದರೆ ಏನಾಗಬಹುದು ಅನ್ನೋ ಭಯ ಅಂದಿನಿಂದ ಇಂದಿನವರೆಗೂ ಇದೆ.

ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಹಳದಿ ಜ್ವರ ಬರುವ ಮೊದಲ ಸೂಚನೆ ಏನು ಗೊತ್ತಾ? ಮಂಗಗಳು ಮರದಿಂದ ಬಿದ್ದು ಸಾಯೋದು. ಹಾಗಾಗಿ ಸೊರಬದ ಸುದ್ದಿ ಕೇಳಿದಾಗ ಪುಣೆಯವರಿಗೆ ಹೊಳೆದ ಮೊದಲ ಪ್ರಶ್ನೆ ಇದೇ: ಬಂದೇ ಬಿಟ್ಟಿತಾ?

ಆಗಿನ ನಿರ್ದೇಶಕ ಟೆಲ್ಫರ್ಡ್ ವರ್ಕ್ ಮತ್ತು ಅವರ ತಂಡ ಕಾಡಿಗೆ ಬಂದರು. ಸತ್ತ ಮಂಗಗಳನ್ನು ಕೊಯ್ದು ನೋಡಿದರು, ರೋಗಿಗಳ ರಕ್ತ ತೆಗೆದರು, ಸೊಳ್ಳೆ ಹಿಡಿದರು, ಉಣ್ಣೆ ಹಿಡಿದರು. ಉಣ್ಣೆ ಹಿಡಿಯುವ ವಿಧಾನ ಬಹಳ ಸರಳ. ಬಿಳಿ ಬಟ್ಟೆಯನ್ನು ಕಾಡಿನ ನೆಲದ ಮೇಲೆ ಎಳೆಯುತ್ತಾ ಹೋಗೋದು, ಆಮೇಲೆ ಅದಕ್ಕೆ ಅಂಟಿಕೊಂಡ ಉಣ್ಣೆಗಳನ್ನು ಹೆಕ್ಕೋದು. ಪ್ರಯೋಗಾಲಯದಲ್ಲಿ ಆ ಕಾಲಕ್ಕೆ ಪಿಸಿಆರ್ ಇಲ್ಲ, ಎಳೆಯ ಇಲಿಮರಿಗಳಿಗೆ ಚುಚ್ಚಿ ಕಾಯಬೇಕು. ಹೀಗೆ ಸಿಕ್ಕಿದ ವೈರಸ್ ಹಳದಿ ಜ್ವರದ್ದಲ್ಲ. ಅದು ಸೈಬೀರಿಯಾ ಕಡೆಯ ಉಣ್ಣೆಯಿಂದ ಬರುವ ಮಿದುಳು ಜ್ವರದ ವೈರಸ್‌ಗಳ ಕುಟುಂಬದ್ದು, ಆದರೆ ಪ್ರಪಂಚದಲ್ಲಿ ಯಾರೂ ಅದುವರೆಗೆ ನೋಡಿರದ ಹೊಸ ವೈರಸ್. ಒಬ್ಬ ರೋಗಿಯಿಂದ 1957ರಲ್ಲಿ ಬೇರ್ಪಡಿಸಿದ ಪಿ9605 ಅನ್ನೋ ತಳಿಯೇ ಇವತ್ತಿಗೂ ಸಂಶೋಧನೆಯಲ್ಲಿ ಅಳತೆಗೋಲು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಬೇಸ್‌ಲೈನ್ ಬಿಲ್ಡ್. ಅದೇ ವರ್ಷ ಪ್ರಬಂಧವೂ ಪ್ರಕಟವಾಯಿತು. ಸೊರಬದ ಒಂದು ಕಾಡಿನ ಹೆಸರು ವೈದ್ಯಶಾಸ್ತ್ರದ ಪುಸ್ತಕಗಳಿಗೆ ಶಾಶ್ವತವಾಗಿ ಸೇರಿತು.

ಇಷ್ಟು ಬೇಗ ಆದದ್ದು ಸಣ್ಣ ಸಾಧನೆಯಲ್ಲ. ಸ್ವಾತಂತ್ರ್ಯ ಬಂದು ಹತ್ತು ವರ್ಷ ಆಗಿತ್ತು ಅಷ್ಟೆ. ಹಳ್ಳಿಯವರ ಮಾತು ಆರೋಗ್ಯ ಇಲಾಖೆಗೆ, ಇಲಾಖೆಯ ಮಾತು ಪುಣೆಗೆ ತಲುಪಿ, ತಿಂಗಳುಗಳಲ್ಲಿ ಹೊಸ ವೈರಸ್ ಗುರುತಾಯಿತು. ಅದಕ್ಕೆ ಬೆಲೆಯೂ ತೆತ್ತರು, ಪ್ರಯೋಗಾಲಯದ ಸಿಬ್ಬಂದಿಗೂ ಕೆಎಫ್‌ಡಿ ಸೋಂಕು ತಗುಲಿತು. ಸರ್ಕಾರಿ ಸಂಸ್ಥೆ ಅಂದ ತಕ್ಷಣ ಮೂಗು ಮುರಿಯುವ ಅಭ್ಯಾಸ ನಮ್ಮ ಪೀಳಿಗೆಗೆ ಇದೆ. 1957 ಅದಕ್ಕೆ ಒಳ್ಳೆಯ ಉತ್ತರ.

ಕಥೆ ಜಟಿಲ ಆಗೋದು ಇದರ ನಂತರ.

ಪುಣೆಯವರು ಸಾಗರದಲ್ಲಿ ಕ್ಷೇತ್ರ ಕೇಂದ್ರ ಮಾಡಿಕೊಂಡು ವರ್ಷಗಟ್ಟಲೆ ಕಾಡು ಸುತ್ತಿದರು. ಉಣ್ಣೆಯ ಜೀವನಚಕ್ರ ಬಿಡಿಸಿದರು. ನಮ್ಮ ಕಡೆ ಇದನ್ನು ಉಣುಗು ಅಂತಲೂ ಕರೆಯುತ್ತಾರೆ. ಮಳೆಗಾಲದ ನಂತರ ಹುಟ್ಟುವ ಮರಿ ಉಣ್ಣೆಗಳು ಇಲಿ, ಅಳಿಲಿನಂಥ ಸಣ್ಣ ಪ್ರಾಣಿಗಳ ರಕ್ತ ಕುಡಿಯುತ್ತವೆ. ಮುಂದಿನ ಹಂತದವು ಡಿಸೆಂಬರ್, ಜನವರಿಯಿಂದ ಮೇ ತನಕ ಕಾಡಿನ ನೆಲದಲ್ಲಿ, ಒಣಗಿದ ಎಲೆಯ ಮೇಲೆ ಕಾಯುತ್ತಿರುತ್ತವೆ. ಸಾಸಿವೆ ಕಾಳಿಗಿಂತ ಚಿಕ್ಕವು. ಮಂಗಕ್ಕೂ ಮನುಷ್ಯನಿಗೂ ಕಚ್ಚೋದು ಇವೇ. ಪೂರ್ತಿ ಬೆಳೆದ ಉಣ್ಣೆ ಹತ್ತೋದು ದನಗಳಂಥ ದೊಡ್ಡ ಪ್ರಾಣಿಗಳಿಗೆ. ಮನುಷ್ಯನಿಂದ ಮನುಷ್ಯನಿಗೆ ಈ ಕಾಯಿಲೆ ಹರಡೋದಿಲ್ಲ.

ಇದರಲ್ಲಿ ಎರಡು ವಿಷಯ ಗಮನಿಸಿ. ಒಂದು, ಅಡಿಕೆ ತೋಟಕ್ಕೆ, ಕೊಟ್ಟಿಗೆಗೆ ದರಗು ಗುಡಿಸಿ ತರುವ ಕಾಲ ಮತ್ತು ಉಣ್ಣೆ ಕಚ್ಚುವ ಕಾಲ ಎರಡೂ ಒಂದೇ. ಎರಡು, ಮಂಗ ಸತ್ತಾಗ ಅದರ ಮೈಮೇಲಿನ ಉಣ್ಣೆಗಳು ಇಳಿದು ಅದೇ ಜಾಗದಲ್ಲಿ ಉಳಿಯುತ್ತವೆ. ಅಂದರೆ ಸತ್ತ ಮಂಗ ಬಿದ್ದ ಜಾಗವೇ ಅತಿ ಅಪಾಯದ ಜಾಗ. ಈ ಎರಡನೆಯದನ್ನು ನೆನಪಿಟ್ಟುಕೊಳ್ಳಿ.

ಅರವತ್ತರ ದಶಕದಲ್ಲಿ ಸಾಗರದ ಕೇಂದ್ರದಲ್ಲಿ ಹೋರ್ಹೆ ಬೋಶೆಲ್ ಅನ್ನೋ ಕೊಲಂಬಿಯಾದ ವಿಜ್ಞಾನಿ ಕೆಲಸ ಮಾಡಿದರು. ತಮ್ಮ ದೇಶದ ಕಾಡಿನಲ್ಲಿ ಹಳದಿ ಜ್ವರದ ಬೆನ್ನು ಹತ್ತಿದ್ದ ಮನುಷ್ಯ. ಅವರ ಜೊತೆಗಿದ್ದ ಪಿ.ಕೆ. ರಾಜಗೋಪಾಲನ್ ಮುಂದೆ ಭಾರತದ ಹೆಸರಾಂತ ಕೀಟ ವಿಜ್ಞಾನಿಗಳಲ್ಲಿ ಒಬ್ಬರಾದರು. ಬೋಶೆಲ್ 1969ರಲ್ಲಿ ಬರೆದ ಪ್ರಬಂಧದ ತಿರುಳು ಇಷ್ಟು: ವೈರಸ್ ಬಹುಶಃ ಈ ಕಾಡಿನಲ್ಲಿ ಸದ್ದಿಲ್ಲದೆ ಮೊದಲಿನಿಂದಲೂ ಇತ್ತು. ಜನ ಹೆಚ್ಚಿ, ಕಾಡು ಕಡಿದು, ಕಾಡಂಚಿನಲ್ಲಿ ದನ ಮೇಯೋಕೆ ಶುರುವಾದ ಮೇಲೆ ದನದ ರಕ್ತ ಕುಡಿದು ಉಣ್ಣೆಗಳ ಸಂಖ್ಯೆ ಏರಿತು, ಅಡಗಿದ್ದ ವೈರಸ್ ಮೇಲೆದ್ದಿತು. ದನಕ್ಕೆ ಕಾಯಿಲೆ ಬರಲ್ಲ, ಆದರೆ ದನವೇ ಉಣ್ಣೆಯ ಊಟ.

ಇದನ್ನು ಒಪ್ಪಿದರೆ ಮಂಗನ ಕಾಯಿಲೆ ಬರೀ ಆರೋಗ್ಯ ಇಲಾಖೆಯ ವಿಷಯ ಆಗಿ ಉಳಿಯೋದಿಲ್ಲ. ಕಾಡು ಯಾರಿಗೆ ಮಂಜೂರಾಗುತ್ತದೆ, ನೆಡುತೋಪು ಎಲ್ಲಿ ಬರುತ್ತದೆ, ದನ ಎಲ್ಲಿ ಮೇಯುತ್ತದೆ, ಎಲ್ಲವೂ ಅದರೊಳಗೆ ಬರುತ್ತದೆ. ಆದರೆ ನಮ್ಮ ಆಡಳಿತ ಕಟ್ಟಿಕೊಂಡಿರೋದು ಹಾಗಲ್ಲ. ಜ್ವರ ಆರೋಗ್ಯ ಇಲಾಖೆಗೆ, ದನ ಪಶುಸಂಗೋಪನೆಗೆ, ಮರ ಅರಣ್ಯಕ್ಕೆ.

ಈ ಮಧ್ಯೆ ಒಂದು ಉಪಕಥೆ. ವೈರಸ್ಸಿನ ಬಂಧುಗಳು ಸೈಬೀರಿಯಾ ಕಡೆ ಇವೆ ಅಂದ ತಕ್ಷಣ ಒಂದು ಪ್ರಶ್ನೆ ಬಂತು: ವಲಸೆ ಹಕ್ಕಿಗಳು ಉಣ್ಣೆ ಹೊತ್ತು ತಂದಿರಬಹುದಾ? ಮುಂಬೈಯ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ, ಸಲೀಂ ಅಲಿಯವರ ನೇತೃತ್ವದಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ದೊಡ್ಡ ಕೆಲಸ ಶುರು ಮಾಡಿತು. ಭಾರತದ ಹಕ್ಕಿ ವಲಸೆಯ ಬಗ್ಗೆ ನಮಗೆ ಗೊತ್ತಿರುವ ಎಷ್ಟೋ ವಿಷಯ ಅದರಿಂದ ಬಂದದ್ದು. ಒಂದು ಹಂತದಲ್ಲಿ ಈ ಅಧ್ಯಯನಕ್ಕೆ ಅಮೆರಿಕದ ಸೈನ್ಯಕ್ಕೆ ಸಂಬಂಧಪಟ್ಟ ಹಣವೂ ಬಂತು. ಆಗ ಶೀತಲ ಸಮರದ ಕಾಲ. ರಷ್ಯಾ ಕಡೆಯ ವೈರಸ್, ಅಮೆರಿಕದ ಸೈನ್ಯದ ಹಣ, ಭಾರತದ ಹಕ್ಕಿ. ಅನುಮಾನ ಹುಟ್ಟದೆ ಇರುತ್ತದಾ? 1975ರಲ್ಲಿ ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿ ತನ್ನ 167ನೇ ವರದಿಯಲ್ಲಿ ಇಂಥ ವಿದೇಶಿ ಹಣದ ಯೋಜನೆಗಳನ್ನೆಲ್ಲ ತರಾಟೆಗೆ ತೆಗೆದುಕೊಂಡಿತು. ದೆಹಲಿಯಲ್ಲಿ ನಡೆಯುತ್ತಿದ್ದ ಸೊಳ್ಳೆಗಳ ವಂಶ ನಿಯಂತ್ರಣದ ಯೋಜನೆ ಅದೇ ವರ್ಷ ಬಂದ್ ಆಯಿತು. ಜೈವಿಕ ಅಸ್ತ್ರದ ಪ್ರಯೋಗ ಅನ್ನೋ ಮಾತು ಕೆಎಫ್‌ಡಿಗೂ ಅಂಟಿಕೊಂಡಿತು, ಮಲೆನಾಡಿನಲ್ಲಿ ಈಗಲೂ ಯಾರಾದರೊಬ್ಬರು ಅದನ್ನು ಹೇಳುತ್ತಾರೆ. ನನ್ನ ಅಭಿಪ್ರಾಯ: ಕೆಎಫ್‌ಡಿ ಹೊರಗಿನವರು ತಂದುಬಿಟ್ಟದ್ದು ಅನ್ನೋದಕ್ಕೆ ಆಧಾರ ಇಲ್ಲ. ಆದರೆ ಹಣದ ಮೂಲವನ್ನು ಸಂಸತ್ತು ಪ್ರಶ್ನೆ ಮಾಡಿದ್ದು ಸರಿಯೇ. ತಮ್ಮ ಕಾಡಿನಲ್ಲಿ ಬಿಳಿ ಬಟ್ಟೆ ಎಳೆಯುವವರು ಯಾಕೆ ಎಳೆಯುತ್ತಿದ್ದಾರೆ ಅಂತ ಹಳ್ಳಿಯವರಿಗೆ ಅವರ ಭಾಷೆಯಲ್ಲಿ ಹೇಳದೆ ಇದ್ದರೆ ಕಥೆಗಳು ತಾವಾಗೇ ಹುಟ್ಟಿಕೊಳ್ಳುತ್ತವೆ.

ರಾಕ್‌ಫೆಲ್ಲರ್ 1967ರಲ್ಲಿ ಪುಣೆಯಿಂದ ಹೊರಟಿತು. ಎಪ್ಪತ್ತರ ದಶಕದಲ್ಲಿ ಪುಣೆಯವರ ಕಾಡಿನ ಕೆಲಸ ಕಡಿಮೆಯಾಯಿತು. ಕಾಯಿಲೆ ಮಾತ್ರ ವರ್ಷವರ್ಷ ಬರುತ್ತಲೇ ಇತ್ತು. ಸಂಶೋಧನೆ ಮುಗಿದು ದಿನನಿತ್ಯದ ಕೆಲಸ ಶುರುವಾಗುವ ಈ ಹಂತ ಯಾವ ಇತಿಹಾಸದ ಪುಸ್ತಕದಲ್ಲೂ ಬರೋದಿಲ್ಲ. ನಮ್ಮ ಕೆಲಸದಲ್ಲೂ ಹಾಗೇ ಅಲ್ವಾ, ಲಾಂಚ್ ದಿನ ಕೇಕ್ ಕತ್ತರಿಸುವಾಗ ಎಲ್ಲರೂ ಇರ್ತಾರೆ, ಮೇಂಟೆನೆನ್ಸ್ ಟೀಮಿಗೆ ಇಬ್ಬರು.

ಲಸಿಕೆಯ ವಿಷಯ ನೋಡಿ. ಮೊದಮೊದಲು ಅಮೆರಿಕದಿಂದ ಬಂದ, ರಷ್ಯಾ ಕಡೆಯ ಮಿದುಳು ಜ್ವರದ ಲಸಿಕೆಯನ್ನೇ ಹಾಕಿ ನೋಡಿದರು, ಅದು ಕೆಲಸ ಮಾಡಲಿಲ್ಲ. ಆಮೇಲೆ ಪುಣೆಯ ವಿಜ್ಞಾನಿಗಳು ಕೋಳಿ ಭ್ರೂಣದ ಜೀವಕೋಶದಲ್ಲಿ ವೈರಸ್ ಬೆಳೆಸಿ, ಫಾರ್ಮಲಿನ್‌ನಿಂದ ಸಾಯಿಸಿ, ನಮ್ಮದೇ ಲಸಿಕೆ ಮಾಡಿದರು. 1990ರ ಸುಮಾರಿಗೆ ಅದರ ದೊಡ್ಡ ಪ್ರಯೋಗ ನಡೆಯಿತು. ಉತ್ಪಾದನೆ ಮುಂದೆ ಬಂದದ್ದು ಬೆಂಗಳೂರಿನ ಹೆಬ್ಬಾಳದಲ್ಲಿರುವ ಪಶು ಆರೋಗ್ಯ ಮತ್ತು ಪಶುವೈದ್ಯ ಜೈವಿಕ ಸಂಸ್ಥೆಗೆ. ಅಂದರೆ ಮನುಷ್ಯರ ಲಸಿಕೆ ತಯಾರಾಗುತ್ತಿದ್ದದ್ದು ದನ, ಕುರಿ, ಕೋಳಿಗಳ ಲಸಿಕೆ ಮಾಡುವ ಜಾಗದಲ್ಲಿ. ಇದರಲ್ಲಿ ಅವಮಾನ ಏನೂ ಇಲ್ಲ, ಕೋಳಿ ಮೊಟ್ಟೆಯಲ್ಲಿ ವೈರಸ್ ಬೆಳೆಸುವ ಅನುಭವ ಅವರಿಗಿತ್ತು. ಆದರೆ ಇದು ಒಂದು ವಿಷಯ ಹೇಳುತ್ತದೆ. ಐದು ಜಿಲ್ಲೆಯ ಕೂಲಿಕಾರರಿಗೆ, ಸಣ್ಣ ರೈತರಿಗೆ ಬೇಕಾದ ಲಸಿಕೆಗೆ ಮಾರುಕಟ್ಟೆ ಇಲ್ಲ. ಯಾವ ಕಂಪನಿಯೂ ಮುಂದೆ ಬರಲ್ಲ. ಸರ್ಕಾರದ ಯಾವ ಮೂಲೆಯಲ್ಲಿ ಜಾಗ ಇದೆಯೋ ಅಲ್ಲೇ ಮಾಡಬೇಕು.

ಸೋಂಕು ಕಂಡ ಜಾಗದ ಸುತ್ತ ಐದು ಕಿಲೋಮೀಟರ್ ಒಳಗಿನ ಹಳ್ಳಿಗಳಿಗೆ ಲಸಿಕೆ. ತಿಂಗಳ ಅಂತರದಲ್ಲಿ ಎರಡು ಡೋಸ್, ಆರರಿಂದ ಒಂಬತ್ತು ತಿಂಗಳಿಗೆ ಬೂಸ್ಟರ್, ಆಮೇಲೂ ವರ್ಷಕ್ಕೊಂದರಂತೆ ಐದು ವರ್ಷ. ಚುಚ್ಚಿದ ಜಾಗ ವಿಪರೀತ ನೋಯುತ್ತಿತ್ತು. ದಿನಗೂಲಿಯ ಮನುಷ್ಯ ತೋಳು ಎತ್ತಲಾಗದಿದ್ದರೆ ಕೆಲಸಕ್ಕೆ ಹೋಗೋದು ಹೇಗೆ? 2005ರಿಂದ 2010ರವರೆಗಿನ ಲೆಕ್ಕ ತೆಗೆದ ಒಂದು ಅಧ್ಯಯನದ ಪ್ರಕಾರ ಎರಡು ಡೋಸ್ ಪಡೆದವರಿಗೆ ಸುಮಾರು 62%, ಬೂಸ್ಟರ್ ಕೂಡ ಪಡೆದವರಿಗೆ ಸುಮಾರು 83% ರಕ್ಷಣೆ ಸಿಕ್ಕಿತ್ತು. ಆದರೆ ಪೂರ್ತಿ ಸರಣಿ ಮುಗಿಸಿದವರು ಕಡಿಮೆ. ಕೋವಿಡ್ ಲಸಿಕೆಯ ಎರಡನೇ ಡೋಸಿಗೇ ನಾವು ಆ್ಯಪ್‌ನಲ್ಲಿ ಸ್ಲಾಟ್ ಹುಡುಕಿ ಸುಸ್ತಾಗಿದ್ವಿ. ಇದು ಹತ್ತಿರ ಹತ್ತಿರ ಎಂಟು ಚುಚ್ಚುಮದ್ದು.

ಈಗ ಶೀರ್ಷಿಕೆಯ ಪ್ರಶ್ನೆಗೆ ಬರೋಣ.

ನಿಮ್ಮ ತೋಟದ ಮೇಲಿನ ಬೆಟ್ಟದಲ್ಲಿ ಒಂದು ಮಂಗ ಸತ್ತು ಬಿದ್ದಿದೆ ಅಂದುಕೊಳ್ಳಿ. ಅದು ಕಾಡುಪ್ರಾಣಿ, ಆದ್ದರಿಂದ ಅರಣ್ಯ ಇಲಾಖೆಗೆ ಸೇರಿದ್ದು. ಮುಟ್ಟೋಕೆ ಅವರ ಅನುಮತಿ ಬೇಕು. ಕೊಯ್ದು ನೋಡಬೇಕಾದವರು ಪಶುವೈದ್ಯರು, ಅಂದರೆ ಪಶುಸಂಗೋಪನಾ ಇಲಾಖೆ. ಅಂಗಾಂಗದ ಚೂರು ಹೋಗಬೇಕಾದದ್ದು ಶಿವಮೊಗ್ಗದ ವೈರಸ್ ಪತ್ತೆ ಪ್ರಯೋಗಾಲಯಕ್ಕೆ, ಅದು ಆರೋಗ್ಯ ಇಲಾಖೆ. ಖಚಿತಪಡಿಸೋಕೆ ಪುಣೆಯ ಎನ್‌ಐವಿ, ಅದು ಐಸಿಎಂಆರ್, ಕೇಂದ್ರ ಸರ್ಕಾರ. ಹೆಣ ಸುಡಬೇಕು. ಬಿದ್ದ ಜಾಗದ ಸುತ್ತ ಐವತ್ತು ಮೀಟರ್ ಮೆಲಾಥಿಯಾನ್ ಪುಡಿ ಹಾಕಬೇಕು. ಹಳ್ಳಿಯವರಿಗೆ ಮೈಗೆ ಹಚ್ಚಿಕೊಳ್ಳಲು ಎಣ್ಣೆ ಹಂಚಬೇಕು. ಮೊದಲು ಡಿಎಂಪಿ ತೈಲ ಇತ್ತು, ಈಗಿನ ಡೇಪಾ ತೈಲ ಗ್ವಾಲಿಯರ್‌ನ ರಕ್ಷಣಾ ಪ್ರಯೋಗಾಲಯದಲ್ಲಿ ಅಭಿವೃದ್ಧಿಯಾದದ್ದು. ಅಲ್ಲಿಗೆ ರಕ್ಷಣಾ ಸಚಿವಾಲಯವೂ ಬಂತು. ಇದೆಲ್ಲದಕ್ಕೂ ಮೊದಲು, ಮಂಗ ಸತ್ತಿದೆ ಅಂತ ಯಾರೋ ಒಬ್ಬರು ಯಾರಿಗೋ ಫೋನ್ ಮಾಡಬೇಕು. ಸಾಮಾನ್ಯವಾಗಿ ಆಶಾ ಕಾರ್ಯಕರ್ತೆಗೆ.

ಒಂದು ಮಂಗಕ್ಕೆ ಇಷ್ಟು ಇಲಾಖೆ. ನಮ್ಮಲ್ಲಿ ಒಂದು ಟಿಕೆಟ್ ನೆಟ್‌ವರ್ಕ್ ಟೀಮಿನಿಂದ ಡೇಟಾಬೇಸ್ ಟೀಮಿಗೆ, ಅಲ್ಲಿಂದ ವೆಂಡರ್‌ಗೆ ತಿರುಗಿ ತಿರುಗಿ ವಾಪಸ್ ಬರುವ ಹಾಗೆ. ವ್ಯತ್ಯಾಸ ಏನಂದ್ರೆ ಟಿಕೆಟ್ ಕೊಳೆಯಲ್ಲ. ಬೇಸಿಗೆಯಲ್ಲಿ ಎರಡು ದಿನ ಬಿಟ್ಟರೆ ಹೆಣ ಕೊಳೆತು ಪರೀಕ್ಷೆಗೆ ಬಾರದ ಹಾಗಾಗುತ್ತದೆ, ಉಣ್ಣೆಗಳು ಇಳಿದು ಸುತ್ತ ಸೇರಿಕೊಳ್ಳುತ್ತವೆ. ಮಂಗ ಪ್ರಕೃತಿ ಕೊಟ್ಟ ಅಲಾರಂ. ಅದು ಬಾರಿಸಿದ್ದನ್ನು ಯಾರು ಕೇಳಿಸಿಕೊಳ್ಳಬೇಕು ಅನ್ನೋದು ಕಾಗದದ ಮೇಲೆ ಇದೆ, ನೆಲದ ಮೇಲೆ ಆಯಾ ತಾಲ್ಲೂಕಿನ ಅಧಿಕಾರಿಗಳ ಮೇಲೆ ನಿಂತಿ‌ದೆ. ರೇಂಜರ್, ಪಶುವೈದ್ಯರು, ಆರೋಗ್ಯ ಅಧಿಕಾರಿ ಮೂವರೂ ಪರಿಚಯಸ್ಥರಾಗಿದ್ದ ಕಡೆ ಕೆಲಸ ಅರ್ಧ ದಿನದಲ್ಲಿ ಮುಗಿಯುತ್ತದೆ. ಮೂವರಲ್ಲಿ ಒಂದು ಹುದ್ದೆ ಖಾಲಿ ಇದ್ದರೂ ಅಲ್ಲಿಗೆ ನಿಂತಿತು.

ಕಾಡು ಬೋಳಾದಾಗ ಏನಾಗುತ್ತದೆ ಅನ್ನೋದಕ್ಕೆ ಉದಾಹರಣೆ 1980ರ ದಶಕದ ಬೆಳ್ತಂಗಡಿ. ನಿಡ್ಲೆಯ ಮೀಸಲು ಅರಣ್ಯದಲ್ಲಿ ಗೇರು ತೋಪಿಗಾಗಿ ಮರ ಕಡಿದರು. ಸೊರಬದಿಂದ ಎಷ್ಟೋ ದೂರದ ಆ ಜಾಗದಲ್ಲಿ ಅಲ್ಲಿಯವರೆಗಿನ ಅತಿ ದೊಡ್ಡ ಕೆಎಫ್‌ಡಿ ಹಾವಳಿ ಎದ್ದಿತು. ಬೋಶೆಲ್ ಪ್ರಬಂಧ ಪ್ರಕಟವಾಗಿ ಆಗಲೇ ಹದಿಮೂರು, ಹದಿನಾಲ್ಕು ವರ್ಷ. ಮರ ಕಡಿಯಲು ಅನುಮತಿ ಕೊಡುವವರ ಮೇಜಿನ ಮೇಲೆ ಅದು ಇರುತ್ತದೆ ಅಂತ ಯಾರೂ ನಿರೀಕ್ಷಿಸೋಕಾಗಲ್ಲ. ಅದೇ ಸಮಸ್ಯೆ.

ಇನ್ನೊಂದು ಉದಾಹರಣೆ ಬಂಡೀಪುರ. 2012ರವರೆಗೆ ಕೆಎಫ್‌ಡಿ ಅಂದರೆ ಐದು ಜಿಲ್ಲೆ: ಶಿವಮೊಗ್ಗ, ಉತ್ತರ ಕನ್ನಡ, ದಕ್ಷಿಣ ಕನ್ನಡ, ಉಡುಪಿ, ಚಿಕ್ಕಮಗಳೂರು. ಲಸಿಕೆ ಅಲ್ಲಿಗೆ, ಎಣ್ಣೆ ಅಲ್ಲಿಗೆ, ತರಬೇತಿ ಅಲ್ಲಿಗೆ. 2012ರ ಕೊನೆಯಲ್ಲಿ ಚಾಮರಾಜನಗರ ಜಿಲ್ಲೆಯ ಬಂಡೀಪುರ ಹುಲಿ ಅಭಯಾರಣ್ಯದ ಮೂಲೆಹೊಳೆ ಕಡೆ ಮಂಗಗಳು ಸತ್ತವು. ಅಲ್ಲಿಯ ಕಾಡಿನ ಸಿಬ್ಬಂದಿ ತಮ್ಮ ಕೆಲಸ ತಾವು ಮಾಡಿದರು, ಸತ್ತ ಮಂಗಗಳನ್ನು ವಿಲೇವಾರಿ ಮಾಡಿದರು. ಕೆಲವೇ ದಿನದಲ್ಲಿ ಹಾಗೆ ಮಂಗಗಳ ಹತ್ತಿರ ಹೋದವರಿಗೇ ಜ್ವರ. ಅವರಿಗೆ ಲಸಿಕೆ ಇರಲಿಲ್ಲ, ಯಾಕಂದ್ರೆ ಅವರ ಜಿಲ್ಲೆ ಪಟ್ಟಿಯಲ್ಲಿ ಇರಲಿಲ್ಲ. ಪಟ್ಟಿ ಸರ್ಕಾರದ್ದು, ಕಾಡು ಪಶ್ಚಿಮ ಘಟ್ಟದುದ್ದಕ್ಕೂ ಒಂದೇ.

ಪುಣೆಯಲ್ಲಿ ಆ ಹೊತ್ತಿಗೆ ಪಿಸಿಆರ್ ಪರೀಕ್ಷೆ ಸಿದ್ಧವಾಗಿತ್ತು, ಹಾಗಾಗಿ ಉತ್ತರ ಬೇಗ ಸಿಕ್ಕಿತು. ಪಾಷಾಣ್‌ನಲ್ಲಿ ಅತ್ಯಂತ ಅಪಾಯಕಾರಿ ವೈರಸ್‌ಗಳಿಗೆಂದೇ ಕಟ್ಟಿದ ಬಿಎಸ್‌ಎಲ್-4 ಪ್ರಯೋಗಾಲಯ ಉದ್ಘಾಟನೆಯಾದದ್ದೂ 2012ರ ಡಿಸೆಂಬರ್‌ನಲ್ಲೇ. ಪರೀಕ್ಷೆ ಚುರುಕಾದ ಮೇಲೆ ಕಾಯಿಲೆ ಹೊಸ ಹೊಸ ಕಡೆ ಕಾಣಿಸತೊಡಗಿತು: ಕೇರಳದ ವಯನಾಡು, 2015ರಲ್ಲಿ ಗೋವಾದ ಸತ್ತರಿ ತಾಲ್ಲೂಕಿನ ಪಾಲಿ, 2016ರಲ್ಲಿ ಮಹಾರಾಷ್ಟ್ರದ ಸಿಂಧುದುರ್ಗ ಜಿಲ್ಲೆಯ ದೋಡಾಮಾರ್ಗ. ಹರಡಿತೋ, ಇದ್ದದ್ದು ಈಗ ಕಂಡಿತೋ? ಎರಡೂ ಇರಬಹುದು. ಪುಣೆ, ಮುಂಬೈಯ ಗೆಳೆಯರು ಇದು ನಮ್ಮೂರ ಕಾಯಿಲೆ ಮಾತ್ರ ಅಂದುಕೊಂಡಿದ್ದರೆ, ಈಗ ನೀವಿರುವ ರಾಜ್ಯದ್ದೂ ಹೌದು.

2018ರ ಡಿಸೆಂಬರ್. ಸಾಗರ ತಾಲ್ಲೂಕಿನ ಅರಳಗೋಡು, ಶರಾವತಿ ಹಿನ್ನೀರಿನ ಕಡೆಯ ಊರು. ಮಂಗ ಸತ್ತವು, ಜನ ಮಲಗಿದರು, ಜೀಪು ಆಂಬುಲೆನ್ಸುಗಳಲ್ಲಿ ಮಣಿಪಾಲಕ್ಕೆ ಸಾಗಿಸಿದರು. ಘಟ್ಟ ಇಳಿದು ಹೋಗುವ ದಾರಿ ಗೊತ್ತಿರುವವರಿಗೆ ಆ ಪ್ರಯಾಣ ಎಂಥದ್ದು ಅಂತ ಹೇಳಬೇಕಾಗಿಲ್ಲ. ಮುಂದಿನ ಬೇಸಿಗೆ ಮುಗಿಯುವಷ್ಟರಲ್ಲಿ ಹತ್ತಕ್ಕೂ ಹೆಚ್ಚು ಜನ ತೀರಿಕೊಂಡಿದ್ದರು. ವೈರಸ್ ಗುರುತಾದ ತಾಲ್ಲೂಕಿನ ಪಕ್ಕದ ತಾಲ್ಲೂಕು, ಪುಣೆಯವರ ಹಳೆಯ ಕ್ಷೇತ್ರ ಕೇಂದ್ರ ಇದ್ದ ತಾಲ್ಲೂಕು, ಅರವತ್ತೊಂದು ವರ್ಷದ ನಂತರ. ಪತ್ರಿಕೆಗಳಲ್ಲಿ ಆಗ ಬಂದದ್ದು ಬೆಂಗಳೂರಿನ ರಾಜಕೀಯದ ಮಧ್ಯೆ ಒಂದು ಮೂಲೆಯಲ್ಲಿ. ಒಂದು ವರ್ಷ ಕಳೆದು ಕೋವಿಡ್ ಬಂದಾಗ ಇಡೀ ದೇಶ ಸಾಂಕ್ರಾಮಿಕ ಶಾಸ್ತ್ರ ಕಲಿಯಿತು, ಅರಳಗೋಡಿನವರು ಆಗಲೇ ಪಾಸಾಗಿದ್ದರು.

ಯಾವ ಸಂಸ್ಥೆಯೂ ಇಲ್ಲಿ ಖಳನಾಯಕ ಅಲ್ಲ. ಶಿವಮೊಗ್ಗದ ಪ್ರಯೋಗಾಲಯದವರು, ಕಾಡಿಗೆ ನಡೆದು ಹೋಗಿ ಎಣ್ಣೆ ಹಂಚುವ ಆಶಾ ಕಾರ್ಯಕರ್ತೆಯರು, ಮುಖಗವಸು ಹಾಕಿಕೊಂಡು ಬಿಸಿಲಿನಲ್ಲಿ ಮಂಗ ಕೊಯ್ಯುವ ಪಶುವೈದ್ಯರು, ಎಲ್ಲರೂ ತಮ್ಮ ಪಾಲಿನ ಕೆಲಸ ಮಾಡುತ್ತಾರೆ. ಪಾಲು ಪಾಲಾಗಿ ಹಂಚಿದ ಕೆಲಸದ ನಡುವಿನ ಬಿರುಕಿನಲ್ಲೇ ಉಣ್ಣೆ ಬದುಕುತ್ತದೆ ಅನ್ನೋದು ನನಗೆ ಈ ಇತಿಹಾಸ ಓದುತ್ತಾ ಕಂಡದ್ದು. 1957ರಲ್ಲಿ ಎಲ್ಲ ಸುಲಭವಾಗಿತ್ತು, ಯಾಕಂದ್ರೆ ಹಳದಿ ಜ್ವರದ ಭಯಕ್ಕೆ ಜಗತ್ತೇ ಸೊರಬದ ಕಡೆ ನೋಡುತ್ತಿತ್ತು. ಅದು ಹಳದಿ ಜ್ವರ ಅಲ್ಲ, ದರಗು ಗುಡಿಸುವವರಿಗೆ ಬರುವ ಜ್ವರ ಅಂತ ಗೊತ್ತಾದ ಮೇಲೆ ನೋಡುವವರು ಕಡಿಮೆಯಾದರು.

ಹಳೆಯ ಲಸಿಕೆಯ ಪರಿಣಾಮದ ಬಗ್ಗೆ ಅನುಮಾನಗಳು ಬಲವಾಗಿ 2022ರಲ್ಲಿ ಅದು ನಿಂತಿತು. ಅದರ ಜಾಗಕ್ಕೆ ಹೊಸದೊಂದು ಲಸಿಕೆ ಮಾಡಲು ಐಸಿಎಂಆರ್ ಹೈದರಾಬಾದಿನ ಇಂಡಿಯನ್ ಇಮ್ಯುನೊಲಾಜಿಕಲ್ಸ್ ಜೊತೆ ಕೈಜೋಡಿಸಿದೆ. ಹೈದರಾಬಾದಿನಲ್ಲಿರುವ ನಮ್ಮ ಓದುಗರಿಗೆ ಗಚ್ಚಿಬೌಲಿ ಕಡೆ ಆ ಬೋರ್ಡ್ ಕಂಡಿರಬಹುದು. ಅದು ಕೈಗೆ ಬರುವವರೆಗೆ ಇರೋದು ಡೇಪಾ ತೈಲ, ಉದ್ದ ತೋಳಿನ ಅಂಗಿ, ಕಾಡಿನಿಂದ ಬಂದ ತಕ್ಷಣ ಬಿಸಿನೀರಿನ ಸ್ನಾನ. ಸಂಕ್ರಾಂತಿಗೋ ಬೇಸಿಗೆ ಮದುವೆಗಳಿಗೋ ಊರಿಗೆ ಹೋಗುವವರು ಮನೆಯಲ್ಲಿ ಒಂದು ಸಲ ಕೇಳಿ ನೋಡಿ: ಎಣ್ಣೆ ಬಾಟಲಿ ಬಂದಿದೆಯಾ, ಬೆಟ್ಟದಲ್ಲಿ ಮಂಗ ಸತ್ತರೆ ಯಾರಿಗೆ ಫೋನ್ ಮಾಡಬೇಕು ಅಂತ ಗೊತ್ತಿದೆಯಾ. ಆಶಾ ಕಾರ್ಯಕರ್ತೆಯ ನಂಬರ್ ಅಪ್ಪ ಅಮ್ಮನ ಫೋನಿನಲ್ಲಿ ಸೇವ್ ಮಾಡೋಕೆ ಎರಡು ನಿಮಿಷ ಸಾಕು. ಮಂಗದ ಹತ್ತಿರ ಮಾತ್ರ ಹೋಗಬೇಡಿ ಅಂತ ಹೇಳಿ.